ಕಾಲಿಗೆ ಕಟ್ಟಿದ ಚೀಟಿ

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಸುಮಾರು ಎಂಟು ಕೋಟಿ ವಸ್ತುಗಳಿವೆ. ಕಲ್ಲು, ಮೂಳೆ, ಚರ್ಮ, ಗರಿ, ಮೊಟ್ಟೆ, ಚಿಟ್ಟೆ, ಒಣಗಿಸಿದ ಗಿಡ, ಸ್ಪಿರಿಟ್ಟಿನಲ್ಲಿ ಮುಳುಗಿಸಿಟ್ಟ ಹಾವು, ಮೀನು. ಕಾಲು ನೋಯುವ ತನಕ ತಿರುಗಿದರೂ ನಾವು ನೋಡುವುದು ಅದರಲ್ಲಿ ಚೂರೇ ಚೂರು. ಉಳಿದದ್ದೆಲ್ಲ ಬೀಗ ಹಾಕಿದ ಕೋಣೆಗಳಲ್ಲಿ, ಡ್ರಾಯರುಗಳಲ್ಲಿ, ಬಾಟಲಿಗಳಲ್ಲಿ ಇದೆ. ಆ ಬೀಗದ ಹಿಂದೆ ನಮ್ಮ ಉತ್ತರ ಕನ್ನಡದ ಕಾಡಿನ ಪ್ರಾಣಿಗಳೂ ಇವೆ. ಅದು ಗೊತ್ತಿದ್ದೇ ನಾನು ಹೋದದ್ದು.

ಅಕ್ಕ ಲಂಡನ್ನಿನಲ್ಲಿದ್ದಾಳೆ. ಅವಳ ಮಗಳು ಪ್ರೈಮರಿ ಸ್ಕೂಲು. ಆ ಊರಿನ ಮಕ್ಕಳಿಗೆಲ್ಲ ಈ ಮ್ಯೂಸಿಯಂ ಅಂದರೆ ಡೈನೋಸಾರ್. ನನ್ನ ಜೊತೆ ಬರಲು ಅವಳು ತುದಿಗಾಲಲ್ಲಿ ನಿಂತಿದ್ದಳು. ಸೌತ್ ಕೆನ್ಸಿಂಗ್ಟನ್ ಸ್ಟೇಷನ್ನಿನಲ್ಲಿ ಇಳಿದರೆ ನೆಲದಡಿಯ ಉದ್ದನೆಯ ದಾರಿಯೊಂದು ಮ್ಯೂಸಿಯಮ್ಮಿನ ಹತ್ತಿರಕ್ಕೇ ಕರೆದೊಯ್ಯುತ್ತದೆ. ಪ್ರವೇಶಕ್ಕೆ ದುಡ್ಡಿಲ್ಲ. ಆನ್‌ಲೈನಿನಲ್ಲಿ ಹೊತ್ತು ಗೊತ್ತು ಮಾಡಿಕೊಂಡು ಹೋದರೆ ಸಾಲಿನಲ್ಲಿ ನಿಲ್ಲುವುದು ಕಡಿಮೆ. ಶನಿವಾರ, ಭಾನುವಾರ, ಶಾಲೆಗೆ ರಜೆ ಇರುವ ದಿನ ಮಾತ್ರ ಹೋಗಬೇಡಿ.

ಒಳಗೆ ಕಾಲಿಟ್ಟ ಕೂಡಲೇ ತಲೆ ತಾನಾಗಿ ಮೇಲಕ್ಕೆ ಎತ್ತುತ್ತದೆ. ದೊಡ್ಡ ಹಜಾರದ ಚಾವಣಿಯಿಂದ ಒಂದು ನೀಲಿ ತಿಮಿಂಗಿಲದ ಅಸ್ಥಿಪಂಜರ ತೂಗುತ್ತಿದೆ. 25.2 ಮೀಟರ್ ಉದ್ದ, ನಾಲ್ಕೂವರೆ ಟನ್ ತೂಕ. ಬಾಯಿ ತೆರೆದುಕೊಂಡು, ನೀರಿಗೆ ಧುಮುಕುವ ಹಾಗೆ, ನೇರ ನಮ್ಮ ಕಡೆಗೇ ಇಳಿದು ಬರುತ್ತಿರುವ ಭಂಗಿ. 2017ರ ತನಕ ಆ ಜಾಗದಲ್ಲಿ ಡಿಪ್ಪಿ ಅಂತ ಎಲ್ಲರೂ ಮುದ್ದಿನಿಂದ ಕರೆಯುವ ಡಿಪ್ಲೊಡೋಕಸ್ ಡೈನೋಸಾರ್ ಇತ್ತು. ಅದು ನಿಜವಾದ ಮೂಳೆಯದ್ದಲ್ಲ, ಅಚ್ಚು ತೆಗೆದು ಮಾಡಿದ್ದು. 1905ರಲ್ಲಿ ಅಮೆರಿಕದ ಸಿರಿವಂತ ಆಂಡ್ರ್ಯೂ ಕಾರ್ನೆಗಿ ಕೊಟ್ಟ ಕೊಡುಗೆ. ಅದನ್ನು ತೆಗೆದು ತಿಮಿಂಗಿಲ ತರುತ್ತಾರಂತೆ ಅಂದಾಗ ಲಂಡನ್ನಿನ ಜನ ಬೇಜಾರು ಮಾಡಿಕೊಂಡಿದ್ದರು. ನನಗೆ ಕೇಳಿದರೆ, ತಂದದ್ದು ಸರಿ. ಇದು ನಿಜವಾದ ಮೂಳೆ. ಒಂದು ಕಾಲಕ್ಕೆ ಉಸಿರಾಡಿದ್ದು.

ಇವಳ ಕತೆ ಕೇಳಿ. ಹೌದು, ಹೆಣ್ಣು. ಇನ್ನೂ ಪ್ರಾಯದವಳು. 1891ರ ಮಾರ್ಚ್ ತಿಂಗಳಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಬಂದರಿನ ಬಾಯಲ್ಲಿ ಮರಳು ದಿಬ್ಬಕ್ಕೆ ಸಿಕ್ಕಿಹಾಕಿಕೊಂಡಳು. ನೀರಿಗೆ ಮರಳಲು ಆಗಲಿಲ್ಲ. ಊರಿನವರು ಕೊಂದರು, ಎಣ್ಣೆ ಮತ್ತು ಮಾಂಸ ಮಾರಾಟವಾಯಿತು, ಮೂಳೆಗಳನ್ನು ಮ್ಯೂಸಿಯಂ 250 ಪೌಂಡ್ ಕೊಟ್ಟು ಕೊಂಡಿತು. ಎಷ್ಟೋ ವರ್ಷ ಸುಮ್ನೆ ಗೋದಾಮಿನಲ್ಲಿದ್ದು, 1930ರ ದಶಕದಲ್ಲಿ ಬೇರೊಂದು ಹಾಲಿಗೆ ಬಂದು, ಕೊನೆಗೆ 2017ರಲ್ಲಿ ಈ ಹಜಾರದ ಒಡತಿಯಾದಳು. ಈಗ ಅವಳ ಹೆಸರು ಹೋಪ್. ಇಪ್ಪತ್ತನೇ ಶತಮಾನದಲ್ಲಿ ಮನುಷ್ಯರು ಮೂರು ಲಕ್ಷಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳನ್ನು ಕೊಂದಿದ್ದಾರೆ. 1966ರಲ್ಲಿ ಬೇಟೆಗೆ ನಿಷೇಧ ಬಂದಮೇಲೆ ಅವು ನಿಧಾನಕ್ಕೆ ಹೆಚ್ಚುತ್ತಿವೆ. ಹೆಸರಿನ ಹಿಂದೆ ಇರುವುದು ಅದೇ.

ಮೂಳೆಗಳ ಜೊತೆ ಇವಳ ಬಲೀನ್ ಪಟ್ಟಿಗಳನ್ನೂ ಮ್ಯೂಸಿಯಂ ಎತ್ತಿಟ್ಟಿತ್ತು. ಬಲೀನ್ ಅಂದರೆ ತಿಮಿಂಗಿಲದ ಬಾಯೊಳಗೆ ಜಾಲರಿಯ ಹಾಗೆ ಇಳಿಬಿಟ್ಟಿರುವ ಪಟ್ಟಿ. ಸಮುದ್ರದ ನೀರು ಸೋಸಿ ಸಣ್ಣ ಸಿಗಡಿಯಂಥ ಜೀವಿಗಳನ್ನು ತಿನ್ನಲು ಅದು ಬೇಕು. ನಮ್ಮ ಉಗುರಿನ ಹಾಗೆ ಅದೂ ಬುಡದಿಂದ ಬೆಳೆಯುತ್ತಲೇ ಇರುತ್ತದೆ. ಯಾವ ಸಮುದ್ರದಲ್ಲಿ ಏನು ತಿಂದಳೋ ಅದರ ರಾಸಾಯನಿಕ ಗುರುತು ಆ ಬೆಳವಣಿಗೆಯಲ್ಲಿ ಪದರ ಪದರವಾಗಿ ಉಳಿಯುತ್ತದೆ. ಸತ್ತು 125 ವರ್ಷ ಕಳೆದ ಮೇಲೆ ವಿಜ್ಞಾನಿಗಳು ಆ ಪಟ್ಟಿಯನ್ನು ತುದಿಯಿಂದ ಬುಡದವರೆಗೆ ಪರೀಕ್ಷೆ ಮಾಡಿ, ಅವಳ ಕೊನೆಯ ಏಳು ವರ್ಷಗಳ ಓಡಾಟವನ್ನು ಓದಿದರು. ವರ್ಷದ ಯಾವ ಹೊತ್ತಿಗೆ ತಣ್ಣನೆಯ ನೀರಿನ ಕಡೆ, ಯಾವಾಗ ಬೆಚ್ಚನೆಯ ಕಡೆ ಅಂತ. 1891ರಲ್ಲಿ ಆ ಪಟ್ಟಿಗಳನ್ನು ಎತ್ತಿಟ್ಟವರಿಗೆ ಇಂಥ ಒಂದು ಪರೀಕ್ಷೆ ಬರುತ್ತದೆ ಅಂತ ಕನಸಿನಲ್ಲೂ ಗೊತ್ತಿರಲಿಲ್ಲ. ಆದರೂ ಇಟ್ಟರು. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಅಂತ ಬರೆದೂ ಇಟ್ಟರು. ಆ ಬರಹ ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವೇ ಇರುತ್ತಿರಲಿಲ್ಲ, ಅಲ್ವಾ?

ತಿಮಿಂಗಿಲದ ಕೆಳಗೆ ನಿಂತು ಕಟ್ಟಡವನ್ನೂ ನೋಡಬೇಕು. 1881ರಲ್ಲಿ ಬಾಗಿಲು ತೆರೆದದ್ದು. ಆಲ್ಫ್ರೆಡ್ ವಾಟರ್‌ಹೌಸ್ ಎಂಬ ವಾಸ್ತುಶಿಲ್ಪಿ ಇಡೀ ಕಟ್ಟಡವನ್ನು ಸುಟ್ಟ ಮಣ್ಣಿನ ಹಲಗೆಗಳಿಂದ ಮುಚ್ಚಿದ್ದಾರೆ. ಕಂಬಗಳಲ್ಲಿ ಹಕ್ಕಿ, ಮೀನು, ಹಲ್ಲಿ. ಕಮಾನಿನ ಅಂಚು ಹಿಡಿದು ಮಂಗಗಳು ಹತ್ತುತ್ತಿವೆ. ಪೂರ್ವದ ಭಾಗದಲ್ಲಿ ಅಳಿದುಹೋದ ಪ್ರಾಣಿಗಳು, ಪಶ್ಚಿಮದ ಭಾಗದಲ್ಲಿ ಈಗಲೂ ಇರುವ ಪ್ರಾಣಿಗಳು. ಮ್ಯೂಸಿಯಮ್ಮನ್ನು ಹಟ ಹಿಡಿದು ಕಟ್ಟಿಸಿದ ರಿಚರ್ಡ್ ಓವೆನ್ ಕೇಳಿಕೊಂಡ ಏರ್ಪಾಡು ಇದು. ಡೈನೋಸಾರ್ ಎಂಬ ಹೆಸರು ಕೊಟ್ಟವರೂ ಅವರೇ, 1842ರಲ್ಲಿ. ಆದರೆ ಡಾರ್ವಿನ್ ಹೇಳಿದ ವಿಕಾಸವಾದವನ್ನು ಅವರು ಕೊನೆಯ ತನಕ ಒಪ್ಪಲಿಲ್ಲ. ಈಗ ಹಜಾರದ ಮೆಟ್ಟಿಲ ಮೇಲೆ, ಎಲ್ಲರಿಗೂ ಕಾಣುವ ಜಾಗದಲ್ಲಿ ಬಿಳಿ ಕಲ್ಲಿನ ಡಾರ್ವಿನ್ ಕೂತಿದ್ದಾರೆ.

ಡೈನೋಸಾರುಗಳ ಹಾಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕತ್ತಲು, ಗಲಾಟೆ, ತಲೆ ಅಲ್ಲಾಡಿಸಿ ಗುಟುರು ಹಾಕುವ ಯಂತ್ರದ ಟಿ. ರೆಕ್ಸ್. ಮಕ್ಕಳು ಕಿರುಚಿ ಖುಷಿ ಪಡುತ್ತಾರೆ. ನಮ್ಮ ಹುಡುಗಿಯೂ ಕಿರುಚಿದಳು. ಅದಕ್ಕಿಂತ ನನಗೆ ಇಷ್ಟವಾದದ್ದು ಕಡಲ ಸರೀಸೃಪಗಳ ಪಳೆಯುಳಿಕೆ ಹಾಕಿರುವ ಉದ್ದನೆಯ ದಾರಿ. ಗೋಡೆಯ ತುಂಬ ಕಲ್ಲಿನ ಹಲಗೆಗಳು. ಪ್ರತಿಯೊಂದರಲ್ಲಿ ಒಂದು ಪ್ರಾಣಿ ಪೂರ್ತಿಯಾಗಿ ಹರಡಿ ಮಲಗಿದೆ. ಕುತ್ತಿಗೆ, ಪಕ್ಕೆಲುಬು, ಈಜುರೆಕ್ಕೆಯ ಒಂದೊಂದು ಮಣಿಮೂಳೆಯೂ ಎಣಿಸಲು ಸಿಗುತ್ತದೆ.

ಇವುಗಳಲ್ಲಿ ಕೆಲವನ್ನು ಅಗೆದು ತೆಗೆದವಳು ಮೇರಿ ಆನಿಂಗ್. 1799ರಲ್ಲಿ ಹುಟ್ಟಿದವಳು, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ರೀಜಿಸ್ ಊರಿನ ಬಡಗಿಯ ಮಗಳು. ಅಪ್ಪ ತೀರಿಕೊಂಡ ಮೇಲೆ, ಕುಸಿಯುವ ಬಂಡೆಗಳ ಕೆಳಗೆ ಪಳೆಯುಳಿಕೆ ಹೆಕ್ಕಿ ಪ್ರವಾಸಿಗರಿಗೆ ಮಾರಿ ಮನೆ ನಡೆಸಿದಳು. 1823ರಲ್ಲಿ ಪ್ಲೀಸಿಯೋಸಾರ್ ಎಂಬ ಉದ್ದ ಕುತ್ತಿಗೆಯ ಕಡಲ ಸರೀಸೃಪದ ಪೂರ್ತಿ ಅಸ್ಥಿಪಂಜರವನ್ನು ಮೊದಲು ಕಂಡವಳು ಅವಳೇ. ಆ ಕಲ್ಲು ಸಿರಿವಂತರ ಕೈಗೆ ಹೋಯಿತು, ಪಂಡಿತರು ಅದರ ಬಗ್ಗೆ ಭಾಷಣ ಮಾಡಿದರು, ಅಲ್ಲಿ ಅವಳ ಹೆಸರು ಬರಲಿಲ್ಲ. ಭೂವಿಜ್ಞಾನಿಗಳ ಸಂಘಕ್ಕೆ ಆಗ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ಈಗ ಅವಳ ಚಿತ್ರ ಆ ಗೋಡೆಯಲ್ಲೇ ಇದೆ, ಪಕ್ಕದಲ್ಲಿ ಅವಳ ನಾಯಿಯೂ ಇದೆ. ಇಷ್ಟಕ್ಕೆ ಎಷ್ಟು ಕಾಲ ಬೇಕಾಯಿತು ನೋಡಿ. ಪ್ರಾಣಿ ಕಲ್ಲಿನೊಳಗೆ ಹತ್ತೊಂಬತ್ತು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಕಾದಿತ್ತು. ಅದನ್ನು ಹೊರಗೆ ತೆಗೆದ ಕೈಯ ಹೆಸರು ಗೋಡೆ ಮೇಲೆ ಬರಲು ಮತ್ತೂ ಕಾಯಬೇಕಾಯಿತು.

ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋಗುವವರು ಕಡಿಮೆ. ದಯವಿಟ್ಟು ಹೋಗಿ. ಅಲ್ಲಿ ಗೋಡೆಗೆ ಒಂದು ಮರದ ಅಡ್ಡತುಂಡು ನಿಲ್ಲಿಸಿದ್ದಾರೆ. ಕ್ಯಾಲಿಫೋರ್ನಿಯಾದ ಸೆಕೋಯಾ ಮರ, 1891ರಲ್ಲಿ ಕಡಿದದ್ದು. ಅದರ ಮುಂದೆ ನಿಂತರೆ ನಾವು ಅರ್ಧಕ್ಕೂ ಬರುವುದಿಲ್ಲ. ಕಡಿಯುವಾಗ ಅದಕ್ಕೆ 1300 ವರ್ಷ ದಾಟಿತ್ತು. ವರ್ಷಕ್ಕೊಂದು ಉಂಗುರ. ಉಂಗುರಗಳ ಮೇಲೆ ಅಲ್ಲಲ್ಲಿ ಇಸವಿ ಗುರುತು ಹಾಕಿ, ಆ ವರ್ಷ ಲೋಕದಲ್ಲಿ ಏನಾಯಿತು ಅಂತ ಬರೆದಿದ್ದಾರೆ. ನಾನು ನನ್ನದೇ ಲೆಕ್ಕ ಹಾಕಿದೆ. ನಡುವಿನ ಚುಕ್ಕೆ, ಅಂದರೆ ಈ ಮರ ಮೊಳಕೆಯೊಡೆದದ್ದು, ಆರನೇ ಶತಮಾನದ ನಡುವಿಗೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ, 543ರಲ್ಲಿ, ಒಂದನೇ ಪುಲಕೇಶಿ ಬಾದಾಮಿಯ ಬಂಡೆಯ ಮೇಲೆ ಕೋಟೆ ಕಟ್ಟಿಸಿದ. 578ರಲ್ಲಿ ಮಂಗಲೇಶ ಮೂರನೇ ಗುಹೆಯ ಶಾಸನ ಕೆತ್ತಿಸುವಾಗ ಈ ಮರ ಇನ್ನೂ ಎಳೆಯ ಸಸಿ. ಹಂಪಿ ಎದ್ದು ಬಿದ್ದದ್ದೆಲ್ಲ ಸ್ವಲ್ಪ ಜಾಗದಲ್ಲಿ ಮುಗಿದುಹೋಗುತ್ತದೆ.

ಇಷ್ಟು ದೊಡ್ಡ ಮರ ಭೂಮಿ ಮೇಲೆ ಇರಲು ಸಾಧ್ಯ ಅಂತ ನಂಬದವರಿಗೆ ತೋರಿಸಲಿಕ್ಕೆಂದೇ ಅದನ್ನು ಕಡಿದು, ಒಂದು ತುಂಡು ನ್ಯೂಯಾರ್ಕಿಗೂ ಒಂದು ಲಂಡನ್ನಿಗೂ ಕಳಿಸಿದರು. ಅದರ ಎದುರು ನಿಂತಾಗ ನನಗೆ ಸಂಕಟವೂ ಆಯಿತು. ತೋರಿಸಲು ಕಡಿಯಬೇಕಿತ್ತೇ?

ಈ ಪ್ರಶ್ನೆ ಮ್ಯೂಸಿಯಂ ತುಂಬ ನಮ್ಮ ಬೆನ್ನು ಬಿಡುವುದಿಲ್ಲ. ಸಸ್ತನಿಗಳ ಹಾಲಿನಲ್ಲಿ ಬಣ್ಣ ಮಾಸಿದ ಹುಲಿ, ಚರ್ಮ ಬಿರಿದ ಪ್ರಾಣಿಗಳು. ಪಕ್ಕದಲ್ಲಿ ಒಂದು ಫಲಕ ಇದೆ. ಪ್ರದರ್ಶನಕ್ಕಾಗಿ ಈಗ ನಾವು ಚರ್ಮ ಸಂಗ್ರಹಿಸುವುದಿಲ್ಲ, ಇವೆಲ್ಲ ಹಳೆಯವು, ಹಾಗಾಗಿ ಕೆಲವು ಮಾಸಿವೆ ಅಂತ ಅದರ ತಾತ್ಪರ್ಯ. ನನಗೆ ಆ ಫಲಕ ತುಂಬ ಹಿಡಿಸಿತು. ಮಾಸಿದ ಹುಲಿ ಮಾಸಿದ ಹಾಗೇ ಇರಲಿ, ಹೊಸ ಹುಲಿ ಬೇಡ ಅಂತ ಒಂದು ದೊಡ್ಡ ಸಂಸ್ಥೆ ಬರೆದು ಹಾಕುವುದು ಸಣ್ಣ ವಿಷಯವಲ್ಲ.

ಹಕ್ಕಿಗಳ ಹಾಲಿನಲ್ಲಿ ಡೋಡೋ ಇದೆ. ಬೇರೆ ಹಕ್ಕಿಗಳ ಗರಿ ಅಂಟಿಸಿ ಮಾಡಿದ ಮಾದರಿ, ಯಾಕೆಂದರೆ ನಿಜವಾದ ಡೋಡೋ ಗರಿ ಸಮೇತ ಪೂರ್ತಿಯಾಗಿ ಎಲ್ಲೂ ಉಳಿದಿಲ್ಲ. ಮಾರಿಷಸ್ ದ್ವೀಪಕ್ಕೆ ಡಚ್ಚರು ಬಂದು ನೂರು ವರ್ಷವೂ ಆಗುವುದರೊಳಗೆ ಮುಗಿದುಹೋದ ಹಕ್ಕಿ ಅದು. ಅದೇ ಹಾಲಿನಲ್ಲಿ ಒಂದು ದೊಡ್ಡ ಗಾಜಿನ ಪೆಟ್ಟಿಗೆ. ಒಳಗೆ ಒಂದು ಒಣಮರ, ಕೊಂಬೆ ಕೊಂಬೆಯಲ್ಲೂ ಝೇಂಕಾರದ ಹಕ್ಕಿಗಳು. ಹಮ್ಮಿಂಗ್ ಬರ್ಡ್ ಅಂತಾರಲ್ಲ, ಅವು. ನೂರಕ್ಕೂ ಹೆಚ್ಚು. ಸುಮಾರು ಇನ್ನೂರು ವರ್ಷ ಹಳೆಯ ಪೆಟ್ಟಿಗೆ. ಬಗ್ಗಿ ನೋಡಿದರೆ ಕುತ್ತಿಗೆಯ ಹತ್ತಿರ ಇನ್ನೂ ಹಸಿರು, ತಾಮ್ರದ ಬಣ್ಣ ಹೊಳೆಯುತ್ತದೆ.

ನಮ್ಮ ಹುಡುಗಿ ಗಾಜಿಗೆ ಮೂಗು ಒತ್ತಿ ತುಂಬ ಹೊತ್ತು ನೋಡಿದಳು. ಆಮೇಲೆ ಕೇಳಿದಳು, "ಚಿಕ್ಕಿ, ಇಷ್ಟು ಸಣ್ಣ ಹಕ್ಕೀನ ಯಾರು ಹಿಡಿದ್ರು?"

"ಗೊತ್ತಿಲ್ಲ ಪುಟ್ಟಿ. ಬರ್ದಿಲ್ಲ."

"ಯಾಕೆ ಬರ್ದಿಲ್ಲ?"

ನಾನು ಆ ಪೆಟ್ಟಿಗೆಯ ಸುತ್ತ ಬಂದು ಹುಡುಕಿದೆ. ಒಂದು ಹಕ್ಕಿಯ ಕಾಲಲ್ಲೂ ಚೀಟಿ ಕಾಣಲಿಲ್ಲ. ಯಾವ ದೇಶ, ಯಾವ ಕಾಡು, ಯಾವ ತಿಂಗಳು, ಏನೂ ಇಲ್ಲ. ಅಂದ ಉಳಿದಿದೆ, ಸುದ್ದಿ ಉಳಿದಿಲ್ಲ. ವಿಜ್ಞಾನಕ್ಕೆ ಈ ನೂರು ಹಕ್ಕಿಗಳಿಗಿಂತ, ಚೀಟಿ ಇರುವ ಒಂದು ಮಂಕು ಗುಬ್ಬಿ ಹೆಚ್ಚು ಉಪಕಾರಿ.

ಚೀಟಿಯ ಬೆಲೆ ನನಗೆ ಗೊತ್ತಾದದ್ದು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ. ಅಲ್ಲಿ ಓದುತ್ತಿದ್ದ ಪರಿಚಯದ ಹುಡುಗಿಯೊಬ್ಬಳು ಒಂದು ಡ್ರಾಯರ್ ಎಳೆದು ತೋರಿಸಿದ್ದಳು. ಒಳಗೆ ಅಳಿಲಿನ ಚರ್ಮ. ಹೊಟ್ಟೆಯೊಳಗೆ ಹತ್ತಿ ತುಂಬಿ, ಕೈಕಾಲು ಚಾಚಿ, ಬೋರಲು ಮಲಗಿಸಿದ್ದು. ಕಣ್ಣಿನ ಜಾಗದಲ್ಲಿ ಬಿಳಿ ಹತ್ತಿ. ತಲೆಬುರುಡೆ ಬೇರೆ ಪುಟ್ಟ ಡಬ್ಬಿಯಲ್ಲಿ, ಅದೇ ನಂಬರ್ ಹಾಕಿಕೊಂಡು. ಹಿಂಗಾಲಿಗೆ ದಾರದಲ್ಲಿ ಕಟ್ಟಿದ ದಪ್ಪ ಕಾಗದದ ಚೀಟಿ. ಅದರ ಮೇಲೆ ತಾರೀಕು, ಊರು, ಎತ್ತರ, ಗಂಡೋ ಹೆಣ್ಣೋ. ಮೈಯ ಉದ್ದ, ಬಾಲದ ಉದ್ದ, ಹಿಂಗಾಲಿನ ಪಾದ, ಕಿವಿ, ಎಲ್ಲ ಮಿಲಿಮೀಟರಿನಲ್ಲಿ. ಕೊನೆಗೆ ಹಿಡಿದವರ ಹೆಸರು. ಕೈಗವಸು ಇಲ್ಲದೆ ಮುಟ್ಟಬಾರದು ಅಂದಳು. ಹಳೆಯ ಚರ್ಮಗಳಿಗೆ ಹುಳ ಹಿಡಿಯದಿರಲೆಂದು ಆಗಿನವರು ಪಾಷಾಣ ಬೆರೆಸಿದ ಸೋಪು ಹಚ್ಚುತ್ತಿದ್ದರಂತೆ. ಆ ಚೀಟಿ ಬಿಚ್ಚಿ ಬಿಸಾಡಿದರೆ ಅಲ್ಲಿ ಉಳಿಯುವುದು ಒಂದು ಒಣ ಚರ್ಮ, ಅಷ್ಟೇ.

ಈಗ ನಮ್ಮ ಕಾಡಿನ ವಿಷಯಕ್ಕೆ ಬರುತ್ತೇನೆ. 1911ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೇಶದ ಸಸ್ತನಿಗಳ ಸಮೀಕ್ಷೆ ಶುರು ಮಾಡಿತು. 1923ರ ತನಕ ಅದು ನಡೆಯಿತು. ಅದಕ್ಕೆ ಮುಖ್ಯ ಪ್ರೇರಣೆ ಆರ್. ಸಿ. ರಾಟನ್ ಎಂಬ ನಿವೃತ್ತ ಅರಣ್ಯಾಧಿಕಾರಿ. ನಮ್ಮ ದೇಶದ ಸಣ್ಣ ಪ್ರಾಣಿಗಳ ಬಗ್ಗೆ, ಅಂದರೆ ಇಲಿ, ಬಾವಲಿ, ಅಳಿಲು, ಮೂಗಿಲಿಗಳ ಬಗ್ಗೆ ಯಾರಿಗೂ ಸರಿಯಾದ ಲೆಕ್ಕ ಇಲ್ಲ ಅನ್ನುವುದು ಅವರ ಕೊರಗು. ಸಂಗ್ರಾಹಕರನ್ನು ಸಂಬಳ ಕೊಟ್ಟು ಕಳಿಸಿದರು. ಅವರು ಧಾರವಾಡ ಸುತ್ತಿದರು, ಆಗ ಕೆನರಾ ಅಂತ ಕರೆಯುತ್ತಿದ್ದ ನಮ್ಮ ಜಿಲ್ಲೆ ಸುತ್ತಿದರು, ಕೊಡಗು ಸುತ್ತಿದರು. ಹಿಡಿದದ್ದನ್ನೆಲ್ಲ ಚರ್ಮ ಸುಲಿದು, ಚೀಟಿ ಕಟ್ಟಿ, ಹಡಗಿನಲ್ಲಿ ಲಂಡನ್ನಿಗೆ ಕಳಿಸಿದರು. ಅಲ್ಲಿ ಈ ಮ್ಯೂಸಿಯಮ್ಮಿನಲ್ಲಿ ಕೂತು ಅವುಗಳ ಗುರುತು ಹಿಡಿದು, ಹೆಸರಿಟ್ಟು, ವರದಿ ಬರೆದರು. ಒಂದಷ್ಟು ಮುಂಬೈಗೆ ಮರಳಿ ಬಂತು, ಒಂದಷ್ಟು ಅಲ್ಲೇ ಉಳಿಯಿತು.

ಅಂದರೆ ನನ್ನ ಅಜ್ಜ ಹುಡುಗನಾಗಿ ತೋಟದಲ್ಲಿ ಓಡಾಡುತ್ತಿದ್ದ ಕಾಲದ ಕಾಡಿನ ಒಂದು ತುಂಡು ಲಂಡನ್ನಿನ ಡ್ರಾಯರಿನಲ್ಲಿದೆ. ನಮ್ಮ ಕಡೆಯ ಬೆಟ್ಟದಲ್ಲಿ ಈಗಲೂ ಕೆಂದಳಿಲು ಕಿರುಚುತ್ತದೆ. ಕಬ್ಬೆಕ್ಕು ರಾತ್ರಿ ಹಿತ್ತಿಲಿಗೆ ಬಂದು ಬಾಳೆಗೊನೆ ತಿಂದು ಹೋಗುತ್ತದೆ. ಆದರೆ ನೂರು ವರ್ಷದ ಹಿಂದೆ ಯಾವ ಘಟ್ಟದ ಕೆಳಗೆ ಯಾವುದಿತ್ತು, ಯಾವುದು ಎಲ್ಲಿಂದ ಕಾಣೆಯಾಯಿತು ಅಂತ ತಿಳಿಯಬೇಕಾದರೆ ಆ ಚೀಟಿಗಳನ್ನೇ ಓದಬೇಕು. ಅಣೆಕಟ್ಟು ಬರುವ ಮುಂಚೆ, ಗಣಿ ಬರುವ ಮುಂಚೆ, ತೇಗ, ಅಕೇಶಿಯಾ ನೆಡುತೋಪು ಹಬ್ಬುವ ಮುಂಚೆ ಕಾಳಿ ಕಣಿವೆ ಹೇಗಿತ್ತು ಅನ್ನುವುದಕ್ಕೆ ಅವು ಸಾಕ್ಷಿ.

ಆ ಚೀಟಿಯಲ್ಲಿ ಹಿಡಿದವರ ಹೆಸರು ಅಂತ ಇರುವುದು ಸಮೀಕ್ಷೆಯ ಸಂಗ್ರಾಹಕರ ಹೆಸರು. ಆದರೆ ಹೊರಗಿನಿಂದ ಬಂದ ಒಬ್ಬ ಆಸಾಮಿಗೆ ನಮ್ಮ ಕಾಡಿನಲ್ಲಿ ಕೆಂದಳಿಲಿನ ಗೂಡು ಯಾವ ಮರದಲ್ಲಿದೆ, ಬಾವಲಿ ಯಾವ ಕಲ್ಲುಗವಿಯಲ್ಲಿದೆ ಅಂತ ಹೇಗೆ ಗೊತ್ತಾಗಬೇಕು? ದಾರಿ ತೋರಿಸಿದವರು, ಬಲೆ ಕಟ್ಟಿದವರು, ಬಿಲ ತೋಡಿದವರು ಊರಿನವರೇ ಇರಬೇಕಲ್ಲ. ಕಾಡನ್ನು ಅಂಗೈ ಗೆರೆಯ ಹಾಗೆ ಬಲ್ಲವರು ಅವರೇ. ಅವರ ಹೆಸರಿಗೆ ಚೀಟಿಯಲ್ಲಿ ಜಾಗ ಇಲ್ಲ. ಮೇರಿ ಆನಿಂಗ್‌ಗೆ ತಡವಾಗಿಯಾದರೂ ಗೋಡೆ ಸಿಕ್ಕಿತು. ಇವರಿಗೆ?

ಈ ಮಾತನ್ನು ನಾನು ಸಿಟ್ಟಿನಿಂದ ಮಾತ್ರ ಹೇಳುತ್ತಿಲ್ಲ. ಇದು ನಮ್ಮಲ್ಲಷ್ಟೇ ನಡೆದದ್ದೂ ಅಲ್ಲ. ಡಾರ್ವಿನ್‌ಗೆ ಎಡಿನ್‌ಬರೋದಲ್ಲಿ ಹಕ್ಕಿಯ ಚರ್ಮ ಸುಲಿದು ತುಂಬುವುದನ್ನು ಕಲಿಸಿದವರು ಜಾನ್ ಎಡ್ಮನ್‌ಸ್ಟನ್, ಗಯಾನಾದಲ್ಲಿ ಗುಲಾಮರಾಗಿದ್ದು ಬಿಡುಗಡೆಯಾದ ಕಪ್ಪು ಮನುಷ್ಯ. ಆ ವಿದ್ಯೆ ಬೀಗಲ್ ಹಡಗಿನಲ್ಲಿ ಡಾರ್ವಿನ್ ಜೊತೆ ಹೋಯಿತು. ಡಾರ್ವಿನ್ ಕಾಲದ ಇನ್ನೊಬ್ಬ ನಿಸರ್ಗ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೆಸ್ ಜೊತೆ ಮಲಯ ದ್ವೀಪಗಳಲ್ಲಿ ವರ್ಷಗಟ್ಟಲೆ ಅಲೆದು ಸಾವಿರಾರು ಹಕ್ಕಿ ಹಿಡಿದುಕೊಟ್ಟವನು ಅಲಿ ಎಂಬ ಸರವಾಕಿನ ಹುಡುಗ. ಮ್ಯೂಸಿಯಮ್ಮಿನ ಬೇರಿನಲ್ಲೂ ಇಂಥದ್ದೇ ಇದೆ. ಹ್ಯಾನ್ಸ್ ಸ್ಲೋನ್ ಎಂಬ ವೈದ್ಯರ ಸಂಗ್ರಹವನ್ನು 1753ರಲ್ಲಿ, ಅವರು ತೀರಿಕೊಂಡ ಮೇಲೆ, ದೇಶ ಕೊಂಡಿತು. ಎಲ್ಲ ಶುರುವಾದದ್ದು ಅಲ್ಲಿಂದ. ಅವರ ಹಣದಲ್ಲಿ ಒಂದು ಪಾಲು ಹೆಂಡತಿಯ ಕಡೆಯಿಂದ ಬಂದ ಜಮೈಕಾದ ಕಬ್ಬಿನ ತೋಟಗಳದ್ದು, ಅಲ್ಲಿ ದುಡಿದವರು ಗುಲಾಮರು. ಸ್ಲೋನ್ ಜಮೈಕಾದಲ್ಲಿ ಗಿಡ ಸಂಗ್ರಹಿಸಿದಾಗ ನೆರವಾದವರಲ್ಲೂ ಗುಲಾಮರಿದ್ದರು. ಮ್ಯೂಸಿಯಂ ಈಗ ಇದನ್ನೆಲ್ಲ ತಾನೇ ಹೇಳುತ್ತಿದೆ. ಹೇಳಲೇಬೇಕು.

ಹಾಗಂತ ಈ ಡ್ರಾಯರುಗಳೆಲ್ಲ ಬರೀ ಲೂಟಿ, ಮುಚ್ಚಿಬಿಡಿ ಅನ್ನುವವರ ಜೊತೆ ನನಗೆ ಒಪ್ಪಿಗೆ ಇಲ್ಲ. ಸತ್ತ ವಸ್ತು ಎಷ್ಟು ಜೀವ ಉಳಿಸಬಲ್ಲದು ಅನ್ನುವುದಕ್ಕೆ ಮೊಟ್ಟೆಯ ಕತೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಹಕ್ಕಿಯ ಮೊಟ್ಟೆ ಕದ್ದು ಸಂಗ್ರಹಿಸುವುದು ದೊಡ್ಡ ಹುಚ್ಚಾಗಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಪೆರಿಗ್ರೀನ್ ಡೇಗೆ ಎಂಬ ಬೇಟೆ ಹಕ್ಕಿಗಳು ಕಡಿಮೆಯಾಗತೊಡಗಿದವು. ಗೂಡಿನಲ್ಲಿ ಮೊಟ್ಟೆ ಒಡೆದುಹೋಗುತ್ತಿದ್ದವು. ಡೆರೆಕ್ ರ್ಯಾಟ್‌ಕ್ಲಿಫ್ ಎಂಬ ವಿಜ್ಞಾನಿ ಮ್ಯೂಸಿಯಂಗಳಲ್ಲಿ, ಸಂಗ್ರಾಹಕರ ಮನೆಗಳಲ್ಲಿ ಇದ್ದ ಹಳೆಯ ಮೊಟ್ಟೆಗಳ ಸಿಪ್ಪೆಯನ್ನು ತೂಗಿ ಅಳೆದು, ಹೊಸ ಮೊಟ್ಟೆಗಳ ಜೊತೆ ಹೋಲಿಸಿದರು. 1940ರ ದಶಕದ ಕೊನೆಯಿಂದ ಸಿಪ್ಪೆ ತೆಳುವಾಗಿದೆ ಅಂತ 1967ರಲ್ಲಿ ಪ್ರಕಟಿಸಿದರು. ಅದು ಡಿಡಿಟಿ ಎಂಬ ಕೀಟನಾಶಕ ಹೊಲಕ್ಕೆ ಬಂದ ಕಾಲ. ಡಿಡಿಟಿಯ ಮೇಲೆ ನಿರ್ಬಂಧ ಬರಲು ಈ ಕೆಲಸವೂ ಒಂದು ಆಧಾರವಾಯಿತು, ಡೇಗೆಗಳು ಮರಳಿ ಬಂದವು. ಮೊಟ್ಟೆಯ ಮೇಲೆ ಇಸವಿ ಬರೆದಿರದಿದ್ದರೆ ಇದನ್ನು ತೋರಿಸಲು ಆಗುತ್ತಲೇ ಇರಲಿಲ್ಲ.

ಇನ್ನೊಂದು ಕತೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. 1940ರಲ್ಲಿ ಜರ್ಮನರ ಬಾಂಬು ಈ ಮ್ಯೂಸಿಯಮ್ಮಿನ ಸಸ್ಯ ವಿಭಾಗದ ಮೇಲೆ ಬಿತ್ತು. ಬೆಂಕಿ ಆರಿಸಲು ಹೊಡೆದ ನೀರಿನಲ್ಲಿ ಒಣಗಿಡಗಳ ಹಾಳೆಗಳು ನೆನೆದವು. ಆಮೇಲೆ ನೋಡಿದರೆ, 1793ರಲ್ಲಿ ಚೀನಾದಿಂದ ತಂದಿದ್ದ ಒಂದು ಬಗೆಯ ಬಾಗೆ ಮರದ ಬೀಜಗಳು ಮೊಳೆತಿದ್ದವು! 147 ವರ್ಷ ಹಾಳೆಯೊಳಗೆ ಮಲಗಿದ್ದ ಬೀಜ. ಅದಕ್ಕೆ ಅಷ್ಟು ವಯಸ್ಸು ಅಂತ ಹೇಳಿದ್ದೂ ಹಾಳೆಯ ಮೂಲೆಗೆ ಅಂಟಿಸಿದ್ದ ಚೀಟಿಯೇ.

ಬೆಂಕಿ ಎಲ್ಲ ಕಡೆ ಇಷ್ಟು ಕರುಣೆ ತೋರುವುದಿಲ್ಲ. 2016ರ ಏಪ್ರಿಲ್ 26ರ ನಸುಕಿನಲ್ಲಿ ದೆಹಲಿಯ ನಮ್ಮ ರಾಷ್ಟ್ರೀಯ ಪ್ರಕೃತಿ ವಿಜ್ಞಾನ ಸಂಗ್ರಹಾಲಯ ಸುಟ್ಟುಹೋಯಿತು. 1978ರಿಂದ ಶಾಲೆ ಮಕ್ಕಳಿಗೆ ಕಾಡು ತೋರಿಸುತ್ತಿದ್ದ ಜಾಗ. ಎರಡು ವರ್ಷ ಬಿಟ್ಟು, 2018ರ ಸೆಪ್ಟೆಂಬರಿನಲ್ಲಿ, ಬ್ರೆಜಿಲ್ ದೇಶದ ರಿಯೋದ ರಾಷ್ಟ್ರೀಯ ಮ್ಯೂಸಿಯಂ ಸುಟ್ಟಿತು. ಎರಡು ಕೋಟಿ ವಸ್ತುಗಳಲ್ಲಿ ಬಹುಪಾಲು ಬೂದಿ. ರಿಯೋದ ಸುದ್ದಿ ಲೋಕವೆಲ್ಲ ಮಾತಾಡಿತು. ದೆಹಲಿಯ ಸುದ್ದಿ ನಮ್ಮಲ್ಲೇ ಒಂದು ವಾರ ಓಡಲಿಲ್ಲ. ಅದು ನನಗೆ ಈಗಲೂ ನೋವಿನ ವಿಷಯ. ಮೈಸೂರಿನಲ್ಲಿ ಕಾರಂಜಿ ಕೆರೆಯ ದಂಡೆಯಲ್ಲಿರುವುದು ಅದೇ ದೆಹಲಿ ಮ್ಯೂಸಿಯಮ್ಮಿನ ಪ್ರಾದೇಶಿಕ ಶಾಖೆ, 1995ರಲ್ಲಿ ತೆರೆದದ್ದು. ಮೃಗಾಲಯ ನೋಡಲು ಹೋದವರು ಪಕ್ಕದ ಆ ಬಾಗಿಲನ್ನೂ ಹಾದು ಬನ್ನಿ.

ನಮ್ಮಲ್ಲಿ ಕೆಲಸ ನಡೆಯುತ್ತಿಲ್ಲ ಅಂತಲೂ ಅಲ್ಲ. ಬೆಂಗಳೂರಿನ ಎನ್‌ಸಿಬಿಎಸ್, ಏಟ್ರಿ ಎಂಬ ಸಂಶೋಧನಾ ಸಂಸ್ಥೆಗಳಲ್ಲಿ, ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಗಳ ಸಂಗ್ರಹ ಬೆಳೆಯುತ್ತಿದೆ. 2014ರಲ್ಲಿ ಕೆ. ವಿ. ಗುರುರಾಜ ಮತ್ತು ಅವರ ಜೊತೆಗಾರರು ನಮ್ಮ ಜಿಲ್ಲೆಯ ಕತ್ತಲೆಕಾನಿನ ಜೌಗು ಕಾಡಿನ ಒಂದು ಪುಟ್ಟ ಕಪ್ಪೆಯನ್ನು ಹೊಸ ಪ್ರಭೇದ ಅಂತ ಲೋಕಕ್ಕೆ ತಿಳಿಸಿದರು. ಗಂಡು ಕಪ್ಪೆ ಮುಂಗೈಯಲ್ಲಿ ಮಣ್ಣು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಹಿಂಗಾಲ ಮೇಲೆ ನೆಟ್ಟಗೆ ನಿಂತು ಈ ಕೆಲಸ ಮಾಡುತ್ತದೆ. ಅದಕ್ಕೆ ಅವರು ಇಟ್ಟ ವೈಜ್ಞಾನಿಕ ಹೆಸರು ನಿಕ್ಟಿಬ್ಯಾಟ್ರಾಕಸ್ ಕುಂಬಾರ. ನೂರು ವರ್ಷದ ಹಿಂದೆ ನಮ್ಮ ಕಾಡಿನ ಪ್ರಾಣಿಗೆ ಹೆಸರಿಡಲು ಅದು ಲಂಡನ್ನಿನ ತನಕ ಹೋಗಬೇಕಿತ್ತು. ಈ ಕಪ್ಪೆಗೆ ಹೆಸರು ನಮ್ಮ ನಾಡಿನವರಿಂದಲೇ, ನಮ್ಮ ಭಾಷೆಯಲ್ಲೇ ಬಂತು. ಓದಿದ ದಿನ ನಾನು ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡಿ ಹೇಳಿದ್ದೆ.

ಲಂಡನ್ನಿನ ಬೀಗದ ಕೋಣೆಗಳಿಗೆ ನಮ್ಮಂಥವರಿಗೆ ಸುಮ್ನೆ ಪ್ರವೇಶ ಇಲ್ಲ. ಸ್ಪಿರಿಟ್ ಬಾಟಲಿಗಳಿರುವ ಭಾಗಕ್ಕೆ ಮಾತ್ರ ಟಿಕೆಟ್ ತೆಗೆದುಕೊಂಡರೆ ಗುಂಪಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ಹತ್ತಿರ 2004ರಲ್ಲಿ ಬಲೆಗೆ ಬಿದ್ದ 8.62 ಮೀಟರಿನ ದೈತ್ಯ ಸ್ಕ್ವಿಡ್ ಗಾಜಿನ ತೊಟ್ಟಿಯಲ್ಲಿದೆ. ಬೀಗಲ್ ಪ್ರಯಾಣದಲ್ಲಿ ಡಾರ್ವಿನ್ ಹಿಡಿದು ಸ್ಪಿರಿಟ್ಟಿನಲ್ಲಿಟ್ಟ ಪ್ರಾಣಿಗಳೂ ಇವೆ. ಆದರೆ ಚೀಟಿಗಳನ್ನು ಓದಲು ಲಂಡನ್ನಿಗೇ ಹೋಗಬೇಕಾಗಿಲ್ಲ. ಮ್ಯೂಸಿಯಂ ಒಂದೊಂದಾಗಿ ಅವುಗಳನ್ನು ಕಂಪ್ಯೂಟರಿಗೆ ಏರಿಸಿ, ಡೇಟಾ ಪೋರ್ಟಲ್ ಅಂತ ಎಲ್ಲರಿಗೂ ತೆರೆದಿಟ್ಟಿದೆ. ಇನ್ನೂ ಎಷ್ಟೋ ಬಾಕಿ ಇದೆ. ಇರುವಷ್ಟನ್ನು ಮೊಬೈಲಿನಲ್ಲೇ ಹುಡುಕಬಹುದು. ಕೆನರಾ, ಕೂರ್ಗ್, ಧಾರ್ವಾರ್, ಮೈಸೋರ್ ಅಂತ ಇಂಗ್ಲಿಷರ ಹಳೆಯ ಕಾಗುಣಿತದಲ್ಲೇ ಹುಡುಕಬೇಕು, ಈಗಿನ ಹೆಸರು ಹಾಕಿದರೆ ಹಳೆಯ ಚೀಟಿಗಳು ತಪ್ಪಿಹೋಗುತ್ತವೆ.

ನಿಮ್ಮ ಊರಿನ ಅಥವಾ ಪಕ್ಕದ ಊರಿನ ಹೆಸರು ಸಿಕ್ಕಿದರೆ ತಾರೀಕು ಬರೆದುಕೊಳ್ಳಿ. ಊರಿನಲ್ಲಿ ವಯಸ್ಸಾದವರಿದ್ದರೆ ಕೇಳಿ. ಆ ಕಾಲದಲ್ಲಿ ದೊರೆಗಳ ಜೊತೆ ಕಾಡಿಗೆ ಹೋಗುತ್ತಿದ್ದವರು ಯಾವ ಮನೆಯವರು, ಬಲೆ ಹಾಕುವುದರಲ್ಲಿ ಯಾರು ಹೆಸರುವಾಸಿ ಅಂತ. ಯಾವುದಾದರೂ ಮನೆಯಲ್ಲಿ ಅಜ್ಜ ಹೇಳಿದ ಕತೆಯಾಗಿಯಾದರೂ ಅದು ಉಳಿದಿರಬಹುದು. ಒಂದು ಹೆಸರು ಸಿಕ್ಕಿದರೂ ನನಗೆ ಬರೆದು ತಿಳಿಸಿ. ನಾನು ನಮ್ಮ ಕಡೆ ಕೇಳಲು ಶುರು ಮಾಡಿದ್ದೇನೆ.